ಹಾಜರಿ ಸಹಿಗೆ ಒಪ್ಪಿಗೆಯ ತಲೆಬರಹ

ಮೊನ್ನೆ ಕಂಪನಿಯೊಂದರ ಅಧಿಕಾರಿ ದಪ್ಪನೆಯ ಕಡತವನ್ನು ನನ್ನ ಮೇಜಿನ ಮೇಲಿಟ್ಟು, 'ಸರ್, ಜನರ ಒಪ್ಪಿಗೆ ಸಿಕ್ತು' ಎಂದರು. ತೆರೆದರೆ ಸಭೆಯ ಹಾಜರಿ ಪಟ್ಟಿ. ಬಂದವರು ಬಂದಿದ್ದೇವೆಂದು ಹಾಕಿದ ಸಹಿಗಳು. ಮೇಲ್ಗಡೆ 'ನಾವೆಲ್ಲರೂ ಯೋಜನೆಗೆ ಸಮ್ಮತಿಸಿರುತ್ತೇವೆ' ಎಂಬ ಒಕ್ಕಣೆ ಆಮೇಲೆ ಸೇರಿಕೊಂಡಿತ್ತು. ಇಷ್ಟು ವರ್ಷ ಇಂಥ ಸಭೆ, ಒಪ್ಪಿಗೆಗಳ ಕೆಲಸವನ್ನೇ ಮಾಡಿದರೂ ಇದನ್ನು ಕಂಡರೆ ಈಗಲೂ ರೇಗುತ್ತದೆ.

ಗಣಿ ಉದ್ಯಮ 1990ರ ದಶಕದ ಕೊನೆಗೆ 'ಸಾಮಾಜಿಕ ಪರವಾನಗಿ' ಎಂಬ ಮಾತನ್ನು ಚಾಲ್ತಿಗೆ ತಂದಿತು. ಯೋಜನೆಗೆ ಸುತ್ತಲಿನ ಜನರ ಒಪ್ಪಿಗೆ ಇದೆ ಎಂದು ಅದರರ್ಥ. ಅರ್ಧ ಎಡವಟ್ಟು ಆ ಹೆಸರಿನದೇ. ಪರವಾನಗಿ ಅಂದರೆ ಅರ್ಜಿ, ಶುಲ್ಕ, ಮೊಹರು. ಇದನ್ನು ಕೊಡುವ ಕಚೇರಿಯೇ ಇಲ್ಲ. ರದ್ದಾದಾಗ ನೋಟಿಸೂ ಬರುವುದಿಲ್ಲ.

ಆಸ್ಟ್ರೇಲಿಯಾದ ಜೂಕನ್ ಕಮರಿಯನ್ನೇ ನೋಡಿ. ಅಲ್ಲಿನ ಗುಹೆಗಳಲ್ಲಿ 46,000 ವರ್ಷಗಳ ಹಿಂದಿನ ಮನುಷ್ಯ ವಾಸದ ಕುರುಹುಗಳಿದ್ದವು. ಅವನ್ನು ಕೆಡವಲು ಗಣಿ ಕಂಪನಿ ರಿಯೊ ಟಿಂಟೊಗೆ 2013ರಲ್ಲೇ ಸರ್ಕಾರಿ ಅನುಮತಿ ಸಿಕ್ಕಿತ್ತು. ಆ ನೆಲದ ಮೂಲನಿವಾಸಿಗಳ ಜೊತೆ ಒಪ್ಪಂದವೂ ಆಗಿತ್ತು. ಮರುವರ್ಷದ ಉತ್ಖನನದಲ್ಲಿ ಜಾಗದ ಮಹತ್ವ ಇನ್ನಷ್ಟು ತಿಳಿಯಿತು, ಕಾಗದ ಮಾತ್ರ ಹಳೆಯದೇ. 2020ರ ಮೇ ತಿಂಗಳಲ್ಲಿ ಸಿಡಿಸಿಯೇಬಿಟ್ಟರು. ಕಾನೂನು ಅವರ ಕಡೆಗಿತ್ತು. ಆದರೂ ಮುಖ್ಯ ಕಾರ್ಯನಿರ್ವಾಹಕ ಸೇರಿ ಕಂಪನಿಯ ಮೂವರು ಹಿರಿಯ ಅಧಿಕಾರಿಗಳು ಹುದ್ದೆ ಬಿಡಬೇಕಾಯಿತು. ಒಮ್ಮೆ ಹೂಂ ಅಂದವರನ್ನು, ಸಂಗತಿ ಬದಲಾದಾಗ ಮತ್ತೆ ಕೇಳಬೇಕು. ನೂರು ಸಲ ಹೇಳಿದ್ದೇನೆ, ಇದು ನೂರಾಒಂದನೆಯದು.

ಇನ್ನು ಜನರ ಒಪ್ಪಿಗೆ ತರುವ ಬಲ. ಅದು ಸಣ್ಣದಲ್ಲ. ಅಧಿಕಾರಿಗಳ ಮುಂದೆ, ಸಾಲ ಕೊಡುವವರ ಮುಂದೆ ಕಂಪನಿಯ ಮಾತಿಗೆ ತೂಕ ಬರುತ್ತದೆ. ಸಭೆಯ ಮೂಲೆಯಲ್ಲಿ ಒಬ್ಬಳು ಎದ್ದು 'ನಮ್ಮ ಬಾವಿ ಕತೆ ಏನು?' ಅಂದರೆ 'ಊರೇ ಒಪ್ಪಿದೆ, ನಿಂದೇನಮ್ಮ?' ಎಂದು ಪಕ್ಕದವರೇ ಕೂರಿಸುತ್ತಾರೆ. ಕಂಪನಿಯವರು ಬಾಯಿ ತೆರೆಯಬೇಕಾಗಿಯೇ ಇಲ್ಲ. ಇಂಥ ಸಭೆಗಳನ್ನು ನಾನೂ ಏರ್ಪಡಿಸಿದ್ದೇನೆ, ಆ ಬಗ್ಗೆ ಹೆಮ್ಮೆಯೇನಿಲ್ಲ. ಆದರೆ ಒಡಿಶಾದ ನಿಯಮಗಿರಿ ಬೆಟ್ಟಗಳಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎಂದು ಕೇಳಿದಾಗ 12 ಗ್ರಾಮಸಭೆಗಳೂ ಬೇಡವೆಂದವು. ಬೇಡ ಅನ್ನಲು ಜಾಗವಿತ್ತು, ಅಂದರು.

ಎಲ್ಲ ಯೋಜನೆಗೂ ಒಂದೇ ಅಳತೆ ಹಿಡಿಯಲಾಗದು, ಕೆಲವು ಕಡೆ ಜನ ನಿಜವಾಗಿಯೂ ಬೇಕೆಂದೇ ಹೇಳುತ್ತಾರೆ. ಆದರೆ ಮೊನ್ನೆಯ ಪಟ್ಟಿಯಲ್ಲಿದ್ದ ಹೆಂಗಸರ ಹೆಸರು ಮೂರೇ. ನೀರು ಹೊರುವವರು ಯಾರು ಎಂದು ಕೇಳಿದೆ. ಅಧಿಕಾರಿಗೆ ಗೊತ್ತಿರಲಿಲ್ಲ. ಕಡತ ವಾಪಸ್ ಕೊಟ್ಟೆ: ಮುಂದಿನ ಸಭೆ ಅವರಿಗೆ ಬಿಡುವಿರುವ ಹೊತ್ತಿಗೆ ಕರೆಯಿರಿ, ಹಾಜರಿಗೆ ಬೇರೆಯೇ ಪುಸ್ತಕ ಇಡಿ.