ತೇರಿನ ವಿಡಿಯೊ ಯಾಕೆ ಚೌಕ ಚೌಕವಾಗಿ ಒಡೆಯುತ್ತದೆ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರು ಎಳೆಯುವುದನ್ನು ಫೋನಿನಲ್ಲಿ ತೆಗೆದೆ. ವಾಟ್ಸಾಪ್‌ನಲ್ಲಿ ಅಣ್ಣನಿಗೆ ಕಳಿಸಿದರೆ, ತೇರು ಹೊರಟ ಕೂಡಲೇ ಚಿತ್ರವೆಲ್ಲ ಚೌಕ ಚೌಕ. ಅದೇ ಫೋನಿನಲ್ಲಿ ತೆಗೆದ ಪ್ರವಚನದ ವಿಡಿಯೊ ಮಾತ್ರ ಕನ್ನಡಿ ಹಾಗಿದೆ. ಫೋನು ಓಡಾಡುವ ವಸ್ತುವನ್ನು ಗುರುತು ಹಿಡಿದು ಬೇರೆ ಮಾಡಿ, ಹಿನ್ನೆಲೆಯ ದೃಶ್ಯವನ್ನು ಒಂದೇ ಸಲ ಇಟ್ಟುಕೊಳ್ಳುತ್ತದೆ, ಅದಕ್ಕೇ ವಿಡಿಯೊ ಸಣ್ಣದಾಗುತ್ತದೆ ಅಂತ ಕೇಳಿದ್ದೇನೆ. ಹಾಗಿದ್ದರೆ ಅಷ್ಟು ದೊಡ್ಡ ತೇರನ್ನು ಯಾಕೆ ಗುರುತು ಹಿಡಿಯಲಿಲ್ಲ?

ಉತ್ತರ: ಜಾತ್ರೆಯಿಂದ ತಂದ ಬೆಂಡು-ಬತ್ತಾಸು ಇನ್ನೂ ಡಬ್ಬಿಯಲ್ಲಿರುತ್ತದೆ, ಅಷ್ಟರಲ್ಲಿ ಈ ಪ್ರಶ್ನೆ ಬಂದುಬಿಡುತ್ತದೆ. ಪ್ರತಿ ವರ್ಷ. ಒಮ್ಮೆ ತೇರು, ಒಮ್ಮೆ ಮೊಹರಂನ ಅಲಾಯಿ ಕುಣಿತ, ಒಮ್ಮೆ ತುಂಗಭದ್ರಾ ಡ್ಯಾಮಿನ ಗೇಟು ತೆಗೆದಾಗ ಧುಮುಕುವ ನೀರು. ಊರು ಬೇರೆ, ಪ್ರಶ್ನೆ ಒಂದೇ. ಬಳ್ಳಾರಿಯ ಕಾಲೇಜೊಂದರಲ್ಲಿ ಇದನ್ನೇ ಪಾಠ ಮಾಡಿ ನಿವೃತ್ತನಾದವನು ನಾನು. ಈಗ ಇಲ್ಲಿ ಅದೇ ಪಾಠ, ಕರಿಹಲಗೆ ಮಾತ್ರ ಇಲ್ಲ.

ಮೊದಲು ನೇರ ಉತ್ತರ. ನಿಮ್ಮ ಫೋನು ತೇರನ್ನು ಗುರುತು ಹಿಡಿಯಲಿಲ್ಲ, ನಿಜ. ಆದರೆ ಪ್ರವಚನ ಹೇಳುತ್ತಿದ್ದ ಸ್ವಾಮಿಗಳನ್ನೂ ಅದು ಗುರುತು ಹಿಡಿದಿರಲಿಲ್ಲ. ವಿಡಿಯೊ ಕುಗ್ಗಿಸುವ ಸಾಫ್ಟ್‌ವೇರ್‌ಗೆ, ಅಂದರೆ ಕೋಡೆಕ್‌ಗೆ, ತೇರೂ ಗೊತ್ತಿಲ್ಲ, ಸ್ವಾಮಿಗಳೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಚೌಕ ಒಂದೇ.

ಕುಗ್ಗಿಸುವ ಅಗತ್ಯ ಎಷ್ಟಿದೆ ಅನ್ನುವುದನ್ನು ಒಂದು ಲೆಕ್ಕದಲ್ಲಿ ಮುಗಿಸುತ್ತೇನೆ. ಫುಲ್ ಎಚ್‌ಡಿ ಚಿತ್ರ ಅಂದರೆ 1920 ಅಡ್ಡ, 1080 ಉದ್ದ, ಒಟ್ಟು 20,73,600 ಚುಕ್ಕೆ. ಚುಕ್ಕೆಗೆ ಮೂರು ಬೈಟ್, ಸೆಕೆಂಡಿಗೆ 25 ಚಿತ್ರ. ಹಾಗೇ ಇಟ್ಟರೆ ಒಂದು ನಿಮಿಷಕ್ಕೆ 9 ಜಿಬಿಗೂ ಜಾಸ್ತಿ. ಇಂಥ ಒಂದು ನಿಮಿಷವನ್ನು ಫೋನು ಸಾಮಾನ್ಯವಾಗಿ ನೂರು-ನೂರೈವತ್ತು ಎಂಬಿಯಲ್ಲಿ ಮುಗಿಸುತ್ತದೆ. ವಾಟ್ಸಾಪ್ ಅದನ್ನು ಇನ್ನೂ ಹಿಂಡುತ್ತದೆ.

ಹೇಗೆ ಅಂತೀರಾ? ಅವ್ವ ಕೌದಿ ಹೊಲಿಯುತ್ತಿದ್ದದ್ದನ್ನು ನೆನಪಿಸಿಕೊಳ್ಳಿ. ಹಳೇ ಸೀರೆ, ಅಪ್ಪನ ಧೋತರ, ಯಾರದೋ ಕುಬುಸದ ತುಂಡು. ಯಾವ ಜಾಗಕ್ಕೆ ಯಾವ ತುಂಡು ಕೂಡುತ್ತದೆ ಅಂತ ಗಂಟು ಬಿಚ್ಚಿ ಹುಡುಕುತ್ತಿದ್ದಳು. ಹೊಸ ಬಟ್ಟೆ ಕತ್ತರಿಸುವುದು ಕಟ್ಟಕಡೆಯ ಮಾತು. ಕೋಡೆಕ್ ಮಾಡುವುದೂ ಇದನ್ನೇ. ಮೊದಲ ಚಿತ್ರವನ್ನು ಪೂರ್ತಿ ಇಟ್ಟುಕೊಳ್ಳುತ್ತದೆ. ಎರಡನೇ ಚಿತ್ರವನ್ನು ಚೌಕಗಳಾಗಿ ಕತ್ತರಿಸುತ್ತದೆ, 16 ಚುಕ್ಕೆ ಅಗಲ, 16 ಚುಕ್ಕೆ ಎತ್ತರ. ಒಂದೊಂದು ಚೌಕ ಹಿಡಿದು, ಇದರಂಥ ತುಂಡು ಹಿಂದಿನ ಚಿತ್ರದಲ್ಲಿ ಆಸುಪಾಸು ಎಲ್ಲಾದರೂ ಇತ್ತಾ ಅಂತ ಹುಡುಕುತ್ತದೆ. ಸಿಕ್ಕರೆ ಚೌಕವನ್ನು ಬರೆಯುವುದಿಲ್ಲ. "ಐದು ಚುಕ್ಕೆ ಎಡಕ್ಕೆ, ಎರಡು ಮೇಲಕ್ಕೆ ಹೋಗಿ, ಅಲ್ಲಿಂದ ತಂದು ಹಚ್ಚಿ" ಅಂತ ವಿಳಾಸ ಬರೆಯುತ್ತದೆ, ಅಷ್ಟೇ. ಆ ವಿಳಾಸವೇ ಮೋಷನ್ ವೆಕ್ಟರ್. ಹುಡುಕುವ ಕೆಲಸ ಮೋಷನ್ ಎಸ್ಟಿಮೇಶನ್.

ತಂದು ಹಚ್ಚಿದ ತುಂಡು ಪೂರ್ತಿ ಹೊಂದುವುದಿಲ್ಲ. ಸ್ವಲ್ಪ ಬೆಳಕು ಹೆಚ್ಚಿರುತ್ತದೆ, ಅಂಚು ಬೇರೆ ಇರುತ್ತದೆ. ಆ ವ್ಯತ್ಯಾಸವನ್ನು ಬೇರೆಯಾಗಿ ಕುಗ್ಗಿಸಿ ಜೊತೆಗೆ ಕಳಿಸುತ್ತಾರೆ. ಹಾಗೆ ಕುಗ್ಗಿಸುವುದಕ್ಕೆ ಬಳಸುವ ಡಿಸಿಟಿ ಅನ್ನುವ ಗಣಿತ ಇದೆಯಲ್ಲ, ಅದನ್ನು ಕೊಟ್ಟವರು ನಸೀರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರಲ್ಲಿ ಪ್ರಕಟಿಸಿದರು. ಜೆಪೆಗ್ ಫೋಟೊದಿಂದ ಹಿಡಿದು ನಿಮ್ಮ ಸ್ಟೇಟಸ್ ವಿಡಿಯೊವರೆಗೆ ಎಲ್ಲದರ ಕೆಳಗೂ ಆ ಗಣಿತವೋ ಅದರ ಸಂಬಂಧಿಕನೋ ಇದೆ. ತರಗತಿಯಲ್ಲಿ ಇದನ್ನು ಹೇಳುವ ದಿನ ನನ್ನ ದನಿ ಸ್ವಲ್ಪ ಜಾಸ್ತಿಯೇ ಏರುತ್ತಿತ್ತು.

ಹುಡುಕುವುದು ಎಷ್ಟು ಖರ್ಚಿನ ಕೆಲಸ ಗೊತ್ತಾ? ನಾಲ್ಕೂ ಕಡೆ 16 ಚುಕ್ಕೆ ದೂರದವರೆಗೆ ಒಂದೂ ಬಿಡದೆ ನೋಡಿದರೆ 33 × 33, ಅಂದರೆ 1,089 ಜಾಗ. ಪ್ರತಿ ಜಾಗದಲ್ಲಿ 256 ಚುಕ್ಕೆಗಳನ್ನು ಒಂದೊಂದಾಗಿ ಕಳೆದು ನೋಡಬೇಕು. ಒಂದು ಚಿತ್ರದಲ್ಲಿ ಇಂಥ 8,160 ಚೌಕ. ಗುಣಿಸಿದರೆ ಒಂದೇ ಚಿತ್ರಕ್ಕೆ ಸುಮಾರು 227 ಕೋಟಿ ಕಳೆಯುವ ಲೆಕ್ಕ. ಹಾಗಾಗಿ ಅಡ್ಡದಾರಿ ಹಿಡಿಯುತ್ತಾರೆ. 1981ರಲ್ಲೇ ಮೂರು ಹೆಜ್ಜೆಯ ಹುಡುಕಾಟ ಅಂತ ಒಂದು ಬಂತು. ತಪ್ಪಿಸಿಕೊಂಡ ಎಮ್ಮೆ ಹುಡುಕುವವರು ಹೊಲ ಹೊಲ ತಿರುಗುವುದಿಲ್ಲ. ಮೊದಲು ದಿಬ್ಬ ಹತ್ತಿ ಯಾವ ದಿಕ್ಕು ಅಂತ ನೋಡುತ್ತಾರೆ, ಆಮೇಲೆ ಆ ಕಡೆ ಹೋಗಿ ಹತ್ತಿರದಿಂದ ನೋಡುತ್ತಾರೆ. ಹಾಗೇ ಮೊದಲು ನಾಲ್ಕು ಚುಕ್ಕೆ ದೂರ, ಆಮೇಲೆ ಎರಡು, ಆಮೇಲೆ ಒಂದು. ಒಟ್ಟು ಏಳು ಚುಕ್ಕೆ ದೂರ ಮುಟ್ಟಿದ ಹಾಗಾಯಿತು. ಅಷ್ಟು ದೂರಕ್ಕೆ ಒಂದೂ ಬಿಡದೆ ನೋಡಿದರೆ 15 × 15, ಅಂದರೆ 225 ಜಾಗ, ಇಲ್ಲಿ 25ರಲ್ಲಿ ಕೆಲಸ ಮುಗಿಯುತ್ತದೆ. ಕೆಲವೊಮ್ಮೆ ಬೇರೆಯವರ ಎಮ್ಮೆ ಹಿಡಿದುಕೊಂಡು ಬರುವುದೂ ಉಂಟು. ಇವತ್ತಿನ ಫೋನುಗಳಲ್ಲಿ ಇದಕ್ಕಿಂತ ಚುರುಕಾದ ದಾರಿಗಳಿವೆ, ಇದಕ್ಕೇ ಅಂತ ಚಿಪ್ಪಿನಲ್ಲಿ ಬೇರೆ ಭಾಗವೇ ಇರುತ್ತದೆ.

ಈಗ ಆ ಮಾತಿಗೆ ಬರೋಣ. "ವಸ್ತುವನ್ನು ಗುರುತು ಹಿಡಿದು ಬೇರೆ ಮಾಡುತ್ತದೆ." ಈ ನಂಬಿಕೆ ಎಲ್ಲಿಂದ ಹುಟ್ಟಿತೋ, ಎಷ್ಟು ಸಲ ಕಿತ್ತರೂ ಕರಿಕೆ ಹಾಗೆ ಮತ್ತೆ ಚಿಗುರುತ್ತದೆ. ಪರೀಕ್ಷೆಯಲ್ಲಿ ಬರೆದವರಿದ್ದಾರೆ. ಪಾಠ ಮಾಡುವವರೇ ಹೇಳಿದ್ದನ್ನು ಕೇಳಿದ್ದೇನೆ.

ಅವರ ಕಣ್ಣ ಮುಂದೆ ಇರುವುದು ತೊಗಲುಗೊಂಬೆಯಾಟ. ನಮ್ಮ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ಕಲೆ. ಬಿಳಿ ಪರದೆ ಒಂದೇ, ಅದು ಅಲುಗಾಡುವುದಿಲ್ಲ. ತೊಗಲಿನಲ್ಲಿ ಕತ್ತರಿಸಿದ ಭೀಮನೋ ಕೀಚಕನೋ ಅದರ ಮೇಲೆ ಓಡಾಡುತ್ತಾನೆ. ಪರದೆ ಒಂದು ಸಲ, ಗೊಂಬೆ ಒಂದು ಸಲ, ಉಳಿದದ್ದು ಬರೀ ಕೈ ಚಳಕ. ವಿಡಿಯೊ ಕೂಡ ಹೀಗೇ ಇದ್ದರೆ ಎಷ್ಟು ಚೆಂದ, ಅಲ್ವಾ?

ಚೆಂದವೇ. ಮಾಡಿ ನೋಡಿದರು ಕೂಡ. 1999ರ ಎಂಪೆಗ್-4 ಮಾನಕದಲ್ಲಿ ಇದಕ್ಕೆ ಪೂರ್ತಿ ವ್ಯವಸ್ಥೆ ಇತ್ತು. ಒಂದೊಂದು ವಸ್ತುವಿಗೂ ಅದರದೇ ಆಕಾರ, ಅದರದೇ ಪದರ. ಹಿನ್ನೆಲೆಯ ದೃಶ್ಯವನ್ನು ದೊಡ್ಡ ಚಿತ್ರಪಟವಾಗಿ ಒಮ್ಮೆ ಕಳಿಸುವ ಸೌಕರ್ಯವೂ ಇತ್ತು. ಆದರೆ ಆ ಮಾನಕ ಗೊಂಬೆಯನ್ನು ಹೇಗೆ ಕಟ್ಟಿಡಬೇಕು, ಹೇಗೆ ಕುಣಿಸಬೇಕು ಅಂತ ಹೇಳಿತು. ತೊಗಲು ಕತ್ತರಿಸುವವರು ಯಾರು ಅಂತ ಹೇಳಲಿಲ್ಲ. ಜಾತ್ರೆಯ ಗದ್ದಲದಲ್ಲಿ ಒಬ್ಬರ ಪಟಗ ಎಲ್ಲಿ ಮುಗಿಯಿತು, ಹಿಂದಿನವರ ಅಂಗಿ ಎಲ್ಲಿ ಶುರುವಾಯಿತು ಅನ್ನುವುದನ್ನು ಆ ಕಾಲದ ಕಂಪ್ಯೂಟರ್ ತಾನೇ ಕಂಡುಹಿಡಿದು, ಸೆಕೆಂಡಿಗೆ 25 ಸಲ ಕತ್ತರಿಸಬೇಕಿತ್ತು. ಆಗುವ ಮಾತಾ? ಆದರೂ ಇನ್ನೊಂದು ತೊಡಕು. ಕತ್ತರಿಸಿದ ಅಂಚಿನ ಗೆರೆಯನ್ನೂ ಕಳಿಸಬೇಕಲ್ಲ. ಕೂದಲು, ಸೆರಗು, ಬೆರಳು, ಅಂಚು ಅಂಕುಡೊಂಕಾದಷ್ಟೂ ಖರ್ಚು. ಉಳಿಸಿದ್ದಕ್ಕಿಂತ ಗೆರೆಯ ಖರ್ಚೇ ಹೆಚ್ಚಾಗಿಬಿಡಬಹುದು. ಎಂಪೆಗ್-4 ಜನರ ಕೈಗೆ ಬಂದದ್ದು ಡಿವ್‌ಎಕ್ಸ್, ಎಕ್ಸ್‌ವಿಡ್ ಅನ್ನುವ ಹೆಸರಿನಲ್ಲಿ. ಸಿಡಿಗೆ ಒಂದು ಸಿನಿಮಾ ತುಂಬಿಸಿ ಕೊಡುತ್ತಿದ್ದ ಆ ಕಾಲ ನಿಮಗೆ ನೆನಪಿರಬಹುದು. ಅದರಲ್ಲಿ ಈ ಆಕಾರದ ವ್ಯವಸ್ಥೆ ಇರಲೇ ಇಲ್ಲ, ಬರೀ ಚೌಕ. 2003ರಲ್ಲಿ ಎಚ್.264 ಅನ್ನುವ ಮುಂದಿನ ಮಾನಕ ಬಂದಾಗ ಗೊಂಬೆಯ ಆಸೆಯನ್ನೇ ಕೈಬಿಟ್ಟು ಚೌಕವನ್ನು ಇನ್ನಷ್ಟು ಸಣ್ಣದಾಗಿ ಸೀಳಿದರು, 4 × 4ರವರೆಗೆ.

ನಂಬಿಕೆ ಬರದಿದ್ದರೆ ನನ್ನ ಮನೆಯಲ್ಲೇ ನಡೆದದ್ದನ್ನು ಕೇಳಿ. ತಮ್ಮನ ಮಗಳ ಮದುವೆ ವಿಡಿಯೊ ಇದ್ದ ಪೆನ್‌ಡ್ರೈವನ್ನು ಕಾಪಿ ಆಗುತ್ತಿರುವಾಗಲೇ ಕಿತ್ತುಬಿಟ್ಟೆ. ಪಾಠ ಹೇಳುವವನ ಬುದ್ಧಿ ನೋಡಿ! ಫೈಲು ನಡುನಡುವೆ ಹಾಳಾಯಿತು. ಅಕ್ಷತೆಯ ದೃಶ್ಯ ಮುಗಿದು ಊಟದ ಪಂಕ್ತಿ ಶುರುವಾಗುವ ಕಡೆ, ಪೂರ್ತಿಯಾಗಿ ಉಳಿಸಿದ್ದ ಆ ದೃಶ್ಯದ ಮೊದಲ ಚಿತ್ರವೇ ಹೋಗಿತ್ತು. ಉಳಿದದ್ದು ವಿಳಾಸಗಳು ಮಾತ್ರ. ಪ್ಲೇಯರ್ ಏನು ಮಾಡಿತು? ಊಟದ ಪಂಕ್ತಿಯ ವಿಳಾಸಗಳನ್ನು ಹಿಡಿದುಕೊಂಡು ಅಕ್ಷತೆಯ ಚಿತ್ರದಿಂದ ತುಂಡು ತಂದು ಹಚ್ಚಿತು. ಪರದೆಯ ಮೇಲೆ ಮದುಮಗಳ ಗಲ್ಲ ಹೋಳಿಗೆ ಜಗಿಯತೊಡಗಿತು. ಬಾಸಿಂಗದ ಒಂದು ಚೂರು, ತುಪ್ಪ ಬಡಿಸುವವರ ಕೈ ಹೋದ ಹಾಗೆ ಎಡದಿಂದ ಬಲಕ್ಕೆ ಹೋಯಿತು. ನಾದಿನಿ ಅಳುವುದೋ ನಗುವುದೋ ತಿಳಿಯದೆ, "ಭಾವಾರ, ಇದೇನು ಮಾಡಿದ್ರಿ" ಅಂದಳು. ಇಲ್ಲಿ ಯಾರಾದರೂ ವಸ್ತುವನ್ನು ಗುರುತು ಹಿಡಿದಿದ್ದಾರಾ? ಗಲ್ಲ ಯಾವುದು, ತುಪ್ಪದ ಗಿಂಡಿ ಯಾವುದು ಅಂತ ಗೊತ್ತಿದ್ದರೆ ಹೀಗೆ ಮಾಡುತ್ತಿತ್ತಾ?

ಇನ್ನೂ ಒಂದು ಮಾತು. ಹೆಸರು ಮೋಷನ್ ವೆಕ್ಟರ್ ಅಂತ ಇದ್ದರೂ ಅದು ನಿಜವಾದ ಚಲನೆಯನ್ನೇ ಹೇಳುತ್ತದೆ ಅಂತಲೂ ಇಲ್ಲ. ಬರೀ ನೀಲಿ ಆಕಾಶದಲ್ಲಿ ಯಾವ ತುಂಡು ತಂದರೂ ಹೊಂದುತ್ತದೆ. ಜಮಖಾನದ ಪಟ್ಟೆಯಲ್ಲಿ ಒಂದು ಪಟ್ಟೆ ಆಚೆಯದು ತಂದರೂ ನಡೆಯುತ್ತದೆ. ಕೋಡೆಕ್ ಸತ್ಯ ಹುಡುಕುವುದಿಲ್ಲ. ಯಾವ ವಿಳಾಸಕ್ಕೆ ಬಿಟ್ ಕಡಿಮೆ, ಯಾವುದರಲ್ಲಿ ವ್ಯತ್ಯಾಸ ಕಡಿಮೆ ಅಂತ ಎರಡನ್ನೂ ತೂಗಿ ಸೋವಿ ಇದ್ದದ್ದನ್ನು ಎತ್ತಿಕೊಳ್ಳುತ್ತದೆ. ಚೌಕದ ಚೌಕಾಸಿ.

ಆಮೇಲೆ ಬಂದವರೂ ಕತ್ತರಿಯನ್ನೇ ಸುಧಾರಿಸಿದರು. 2013ರ ಎಚ್.265ರಲ್ಲಿ ಚೌಕ 64 × 64 ಚುಕ್ಕೆಯಷ್ಟು ದೊಡ್ಡದಾಯಿತು, 2020ರ ಎಚ್.266ರಲ್ಲಿ 128. ಈ ಕೊನೆಯದರಲ್ಲಿ ಚೌಕವನ್ನು ಓರೆಯಾಗಿ ಎರಡು ಭಾಗ ಮಾಡಿ, ಎರಡಕ್ಕೂ ಬೇರೆ ಬೇರೆ ವಿಳಾಸ ಕೊಡಬಹುದು. ಕೌದಿಯಲ್ಲಿ ಮೂಲೆ ತುಂಡು ಹಚ್ಚಿದ ಹಾಗೆ. ಭುಜದ ಇಳಿಜಾರಿಗೆ ಅದು ಚೆನ್ನಾಗಿ ಹೊಂದುತ್ತದೆ. ಆದರೂ ಅದು ಭುಜ ಅಂತ ಅದಕ್ಕೆ ಗೊತ್ತಿಲ್ಲ.

ಇನ್ನು ನಿಮ್ಮ ತೇರು. ನಿಮಗೆ ಆಶ್ಚರ್ಯ ಆಗಬಹುದು, ತೇರು ಕೋಡೆಕ್‌ಗೆ ಬಹಳ ಸುಲಭದ ವಸ್ತು. ದೊಡ್ಡದು, ನಿಧಾನ, ನೆಟ್ಟಗೆ ಹೋಗುತ್ತದೆ. ಅದರ ನೂರಾರು ಚೌಕಗಳಿಗೆ ಹೆಚ್ಚುಕಡಿಮೆ ಒಂದೇ ವಿಳಾಸ. ಗಾಲಿ ಮಾತ್ರ ಸ್ವಲ್ಪ ಕಿರಿಕಿರಿ. ಅದು ತಿರುಗುತ್ತದೆ, ಬರೀ ಪಕ್ಕಕ್ಕೆ ಸರಿಸುವ ವಿಳಾಸ ಅಲ್ಲಿ ಸಾಲುವುದಿಲ್ಲ. ಅಪರಾಧಿ ತೇರಲ್ಲ, ಉತ್ತತ್ತಿ! ತೇರು ಹೊರಟ ಕ್ಷಣಕ್ಕೆ ಸಾವಿರಾರು ಜನ ಒಮ್ಮೆಗೇ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಒಂದೊಂದು ಉತ್ತತ್ತಿಯೂ ಚೌಕಕ್ಕಿಂತ ಎಷ್ಟೋ ಸಣ್ಣದು, ಒಂದೊಂದರ ದಾರಿ ಒಂದೊಂದು. ಈ ಚಿತ್ರದಲ್ಲಿ ಕಂಡದ್ದು ಮುಂದಿನದರಲ್ಲಿ ಮಸುಕು ಗೆರೆ. ಅಂಥ ಚೌಕಕ್ಕೆ ಹಳೇ ಚಿತ್ರದಲ್ಲಿ ಯಾವ ತುಂಡೂ ಕೂಡುವುದಿಲ್ಲ. ಕೆಳಗೆ ಮೇಲೆತ್ತಿದ ಕೈಗಳು, ಅಲ್ಲಾಡುವ ತಲೆಗಳು. ಮೇಲಾಗಿ ಹಿಂದಿನಿಂದ ಯಾರೋ ತಳ್ಳಿ ನಿಮ್ಮ ಫೋನೂ ಅಲ್ಲಾಡಿರುತ್ತದೆ.

ಎಲ್ಲಾ ಚೌಕಕ್ಕೂ ಹೊಸ ಬಟ್ಟೆ ಬೇಕು, ಆದರೆ ಸೆಕೆಂಡಿಗೆ ಇಷ್ಟೇ ಬಿಟ್ ಅಂತ ವಾಟ್ಸಾಪ್ ಮೊದಲೇ ರೇಷನ್ ಕಟ್ಟಿದೆ. ಇದ್ದದ್ದನ್ನೇ ಹಂಚಬೇಕು. ವ್ಯತ್ಯಾಸದ ಸಣ್ಣ ವಿವರಗಳನ್ನೆಲ್ಲ ಒರೆಸಿಹಾಕುತ್ತದೆ. ಆಗ ಹೊಲಿಗೆ ಕಾಣುತ್ತದೆ. ನೀವು ನೋಡಿದ ಚೌಕಗಳು ಅವೇ. ಉತ್ತತ್ತಿಯ ದೆಸೆಯಿಂದ ಪಾಪದ ತೇರೂ ಒಡೆಯಿತು. ಪ್ರವಚನದಲ್ಲಿ ವೇದಿಕೆ, ಹೂವಿನ ಅಲಂಕಾರ, ಹಿಂದಿನ ಬ್ಯಾನರ್ ಎಲ್ಲ ನಿಂತಲ್ಲೇ. ಆ ಚೌಕಗಳಿಗೆ "ಹಿಂದಿನ ಹಾಗೇ" ಅಂತ ಗುರುತು ಹಾಕಿದರೆ ಆಯಿತು, ಉಳಿದ ಬಿಟ್ ಎಲ್ಲ ಮುಖಕ್ಕೆ.

ಮುಂದಿನ ವರ್ಷ ಗೋಡೆಗೋ ಕಂಬಕ್ಕೋ ಮೊಣಕೈ ಊರಿ ತೆಗೆಯಿರಿ, ಜೂಮ್ ಮುಟ್ಟಬೇಡಿ. ಕಳಿಸುವಾಗ ಗ್ಯಾಲರಿಯಿಂದ ಕಳಿಸದೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಆಗ ವಾಟ್ಸಾಪ್ ಮತ್ತೆ ಹಿಂಡುವುದಿಲ್ಲ. ಫೈಲು ದೊಡ್ಡದಿರುತ್ತದೆ, ಅಣ್ಣನ ಡೇಟಾ ಹೋಗುತ್ತದೆ, ಅದು ನಿಮ್ಮಿಬ್ಬರ ವ್ಯವಹಾರ.

ಇಷ್ಟು ಬರೆದ ಮೇಲೆ ಒಬ್ಬರು ಕೇಳೇ ಕೇಳುತ್ತಾರೆ, ನಾನೇ ಹೇಳಿಬಿಡುತ್ತೇನೆ. "ವಿಡಿಯೊ ಕಾಲ್‌ನಲ್ಲಿ ಹಿಂದಿನದೆಲ್ಲ ಮಸುಕಾಗಿ ನಾನು ಮಾತ್ರ ಕಾಣುತ್ತೇನಲ್ಲ, ಅಲ್ಲಿ ಗುರುತು ಹಿಡಿಯಲಿಲ್ವಾ?" ಹಿಡಿದಿದೆ. ಆದರೆ ಹಿಡಿದದ್ದು ಕೋಡೆಕ್ ಅಲ್ಲ, ಅದಕ್ಕೂ ಮೊದಲು ಕೂತ ಇನ್ನೊಂದು ಪ್ರೋಗ್ರಾಂ. ಲಕ್ಷಾಂತರ ಫೋಟೊ ನೋಡಿ ಕಲಿತದ್ದು. ಯಾವ ಚುಕ್ಕೆ ಮನುಷ್ಯ, ಯಾವುದು ಅಲ್ಲ ಅಂತ ವಿಂಗಡಿಸಿ, ಮಸುಕು ಮಾಡಿ, ಆ ಚಿತ್ರವನ್ನು ಕೋಡೆಕ್ ಕೈಗೆ ಕೊಡುತ್ತದೆ. ಕೋಡೆಕ್ ಯಥಾಪ್ರಕಾರ ಅದನ್ನೂ ಚೌಕ ಮಾಡಿ ಕತ್ತರಿಸುತ್ತದೆ. ಇದರಿಂದ ಡೇಟಾ ಉಳಿಯುತ್ತದಾ? ಹಿಂದೆ ಫ್ಯಾನಿನ ಗಾಳಿಗೆ ಹಾರುವ ಪರದೆ ಇದ್ದರೆ ಸ್ವಲ್ಪ ಉಳಿದೀತು. ಬರೀ ಗೋಡೆ ಇದ್ದರೆ ಅದು ಮೊದಲೇ ಅಗ್ಗ, ಏನೂ ಲಾಭ ಇಲ್ಲ. ಉಲ್ಟಾ, ಅಂಚು ಗಳಿಗೆಗೊಂದು ಕಡೆ ಕುಣಿದರೆ ಖರ್ಚೇ ಜಾಸ್ತಿ.

ಅಂಚು ಕುಣಿಯುವುದು ಹೇಗೆ ಅಂತ ನೋಡಬೇಕಾದರೆ ಸಿಂಧನೂರಿನ ನಮ್ಮ ಅಕ್ಕನ ಕಾಲ್ ನೋಡಬೇಕು. ಹೋದ ಶ್ರಾವಣದಲ್ಲಿ ತಲೆ ತುಂಬ ಮಲ್ಲಿಗೆ ಮುಡಿದು, ಅದನ್ನು ತೋರಿಸಲೆಂದೇ ಕಾಲ್ ಮಾಡಿದ್ದಳು. ಆ ಪ್ರೋಗ್ರಾಂ ಮಲ್ಲಿಗೆಯನ್ನು ಗೋಡೆಯ ಲೆಕ್ಕಕ್ಕೆ ಹಾಕಿತು. ತಲೆ ತಿರುಗಿಸಿದಾಗೊಮ್ಮೆ ಅರ್ಧ ದಂಡೆ ಕಾಣುವುದು, ಮತ್ತೆ ಮಾಯ.

"ಹೂವು ಕಾಣ್ತದೇನೋ ತಮ್ಮಾ?"

"ಕಾಣ್ತದಕ್ಕಾ, ಒಮ್ಮೊಮ್ಮೆ" ಅಂದೆ.