ಮುದ್ದೆ ಉಂಡ ಮೇಲೆ ಹತ್ತು ನಿಮಿಷ

ರಾಗಿ ಮುದ್ದೆ ಉಂಡರೆ ಶುಗರ್ ಏರಲ್ಲ ಅನ್ನೋ ನಂಬಿಕೆ ಮಂಡ್ಯ ಕಡೆ ಗಟ್ಟಿಯಾಗಿದೆ. ರಾಗಿಯಲ್ಲಿ ನಾರಿದೆ, ಕ್ಯಾಲ್ಸಿಯಂ ಇದೆ, ನಿಜ. ಆದರೆ ಅದರಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಎರಡು ಮುದ್ದೆ, ಮೇಲೊಂದಿಷ್ಟು ಅನ್ನ ಉಂಡರೆ ಆ ಪಿಷ್ಟವೆಲ್ಲ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಉಂಡ ಒಂದು, ಒಂದೂವರೆ ಗಂಟೆ ಹೊತ್ತಿಗೆ ಶುಗರ್ ಸಾಮಾನ್ಯವಾಗಿ ತುದಿ ಮುಟ್ಟುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ಎಷ್ಟೋ ಜನ ಜಗಲಿ ಮೇಲೋ ಸೋಫಾ ಮೇಲೋ ಒರಗಿರುತ್ತಾರೆ, ಅಲ್ವಾ?

ಆ ಗ್ಲೂಕೋಸ್ ಹೋಗಿ ಸೇರಬೇಕಾದ ದೊಡ್ಡ ಜಾಗ ನಮ್ಮ ಸ್ನಾಯು. ಅದರಲ್ಲೂ ತೊಡೆ ಮತ್ತು ಮೀನಖಂಡದ ಸ್ನಾಯು. ಸ್ನಾಯುವಿನ ಕೋಶದೊಳಗೆ ಗ್ಲುಟ್-4 ಅನ್ನೋ ಪ್ರೋಟೀನ್‌ಗಳಿವೆ. ಶುಗರ್ ಹತೋಟಿಯಲ್ಲಿಡುವ ಹಾರ್ಮೋನ್ ಇನ್ಸುಲಿನ್ ಬಂದಾಗ ಅವು ಕೋಶದ ಅಂಚಿಗೆ ಬರುತ್ತವೆ, ಮಂಡ್ಯದ ವಿ.ಸಿ. ನಾಲೆಯ ತೂಬು ಎತ್ತಿದ ಹಾಗೆ ಗ್ಲೂಕೋಸನ್ನು ಒಳಗೆ ಬಿಡುತ್ತವೆ. ಟೈಪ್ 2 ಡಯಾಬಿಟೀಸ್‌ನಲ್ಲಿ ಕೋಶಗಳು ಇನ್ಸುಲಿನ್‌ಗೆ ಸರಿಯಾಗಿ ಓಗೊಡುವುದಿಲ್ಲ. ಆದರೆ ಸ್ನಾಯು ದುಡಿಯುವಾಗ ಇನ್ಸುಲಿನ್‌ಗೆ ಕಾಯದೆ ಈ ತೂಬು ತೆರೆಯುತ್ತದೆ. ಕಾಯಿಲೆ ಇರುವವರಲ್ಲೂ ಈ ದಾರಿ ಕೆಲಸ ಮಾಡುತ್ತದೆ. ಅದಕ್ಕೇ ಊಟದ ನಂತರದ ಹತ್ತು ಹದಿನೈದು ನಿಮಿಷದ ನಡಿಗೆಗೆ ಅಷ್ಟು ಬೆಲೆ. ಕೇರಿ ಕೊನೆವರೆಗೆ ಹೋಗಿ ಬಂದರೂ ಆಯಿತು.

ಹಾಗಂತ ಬೆಳಗಿನ ವಾಕಿಂಗ್ ಬಿಡಬೇಕಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತುವವರು ಸುತ್ತಲಿ. ಒಮ್ಮೆ ಚೆನ್ನಾಗಿ ನಡೆದರೆ ಇನ್ಸುಲಿನ್‌ಗೆ ಓಗೊಡುವ ಗುಣ ಒಂದೆರಡು ದಿನ ಸುಧಾರಿಸಿರುತ್ತದೆ, ಆಮೇಲೆ ಕುಗ್ಗುತ್ತದೆ. ಭಾನುವಾರ ಮಾತ್ರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ವಾರವೆಲ್ಲ ಸುಮ್ನೆ ಕೂತರೆ ಸಾಲದು. ಬಿಪಿಯೂ ಅಷ್ಟೇ. ನಡೆಯುತ್ತಿದ್ದರೆ ಇಳಿಯುತ್ತದೆ, ಬಿಟ್ಟರೆ ಮತ್ತೆ ಏರುತ್ತದೆ.

ತೂಕ ಇಳಿಯಲಿಲ್ಲ ಅಂತ ಬೇಜಾರಾಗಿ ವಾಕಿಂಗ್ ನಿಲ್ಲಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ಡಯಾಬಿಟೀಸ್ ಅಂಚಿನಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿತು. ನಡಿಗೆ ಮತ್ತು ಊಟದ ಸಲಹೆ ಪಾಲಿಸಿದ ಗುಂಪಿನಲ್ಲಿ ಕಾಯಿಲೆ ಬರುವ ಸಾಧ್ಯತೆ ಶೇ. 28ರಷ್ಟು ಕಡಿಮೆಯಾಗಿತ್ತು. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಕೊಟ್ಟ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗಿತ್ತು. ವಿಶೇಷ ಅಂದರೆ, ನಡಿಗೆ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ.

"ನಾವು ಹೊಲ ಗೆಯ್ಯೋರು, ನಮಗ್ಯಾಕೆ ವಾಕಿಂಗು?" ಅಂತಾರೆ. ಉಳುಮೆಗೆ ಟ್ರ್ಯಾಕ್ಟರ್ ಬಂತು, ನೀರಿಗೆ ಮೋಟರ್ ಬಂತು, ಗದ್ದೆಗೆ ಹೋಗೋದು ಬೈಕಲ್ಲಿ. ಕೆಲಸ ಹೊಲದ್ದೇ ಆದರೂ ಕಾಲಿನ ದುಡಿಮೆ ಮೊದಲಿನಷ್ಟಿಲ್ಲ.

ಮಂಡಿ ನೋವು ಇರುವವರು ನಡೆಯಲು ಹೆದರುತ್ತಾರೆ. ಆದರೆ ನಡೆಯದೆ ತೊಡೆಯ ಸ್ನಾಯು ಸೊರಗಿದಷ್ಟೂ ಮಂಡಿ ಮೇಲೆ ಭಾರ ಜಾಸ್ತಿ. ಆ ಸ್ನಾಯು ಬಲವಾಗಲು ಹೀಗೆ ಮಾಡಿ: ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಕೂರಿ. ಕೈ ಊರದೆ ಎದ್ದು ನಿಲ್ಲಿ, ಧೊಪ್ಪನೆ ಬೀಳದೆ ನಿಧಾನಕ್ಕೆ ಕೂರಿ. ಆದಷ್ಟು ಸಲ ಮಾಡಿ, ವಾರ ವಾರಕ್ಕೆ ಒಂದೆರಡು ಹೆಚ್ಚಿಸಿ. ಬೆಟ್ಟದ ಮೆಟ್ಟಿಲು ಮಾತ್ರ ಇವರಿಗೆ ಬೇಡ. ಇಳಿಯುವಾಗ ಮಂಡಿಗೆ ಪೆಟ್ಟು ಜಾಸ್ತಿ.

ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಲ್ಲಿ ಒಂದಿಷ್ಟು ಸಕ್ಕರೆ ಇಟ್ಟುಕೊಂಡಿರಿ. ಕೈ ನಡುಗಿ ತಣ್ಣನೆ ಬೆವರಿದರೆ ಶುಗರ್ ಇಳಿದಿರಬಹುದು, ತಕ್ಷಣ ಕೂತು ತಿನ್ನಿ. ಎದೆ ಹಿಂಡಿದಂತಾದರೆ ನಡಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಪಾದದ ಸ್ಪರ್ಶ ಮಂದವಾದವರು ಹರಕೆ ಹೊತ್ತಿದ್ದರೂ ಬರಿಗಾಲಲ್ಲಿ ನಡೆಯಬೇಡಿ. ಮನೆಗೆ ಬಂದು ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಮುಳ್ಳು ಚುಚ್ಚಿದ್ದೇ ಗೊತ್ತಾಗಿರುವುದಿಲ್ಲ.