ಬಾಯಿ ಮುಚ್ಚಿದ ಕೈ

ಮಾಟುಂಗಾದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಹಿರಿಯರು ನಗುವಾಗ ಕೈ ಅಡ್ಡ ಹಿಡಿಯುತ್ತಿದ್ದರು. ಸಂಕೋಚದ ಸ್ವಭಾವ ಎಂದುಕೊಂಡಿದ್ದೆ. ಒಮ್ಮೆ ಚಿಲ್ಲರೆ ಎಣಿಸುತ್ತ ಕೈ ಮರೆತು ನಕ್ಕಾಗ ಕಂಡಿತು: ಊದಿದ ಒಸಡು ಮುಂದಿನ ಹಲ್ಲುಗಳನ್ನು ಅರ್ಧ ನುಂಗಿತ್ತು. ಇಪ್ಪತ್ತು ವರ್ಷಗಳಿಂದ ಫಿಟ್ಸ್‌ಗೆ ಫೆನಿಟಾಯಿನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಂತೆ. ಹಲ್ಲಿನ ಡಾಕ್ಟರಿಗೂ ಅದನ್ನು ಹೇಳಿರಲಿಲ್ಲ.

ಆ ಒಸಡಿನ ಕಥೆ ಹೊಸದಲ್ಲ. 1857ರಲ್ಲಿ ಮೂರ್ಛೆ ರೋಗಕ್ಕೆ ಬ್ರೋಮೈಡ್ ಬಂತು. ಮೈಮೇಲೆ ಗುಳ್ಳೆ, ತಲೆಗೆ ಮಂಪರು. 1912ರಲ್ಲಿ ಫಿನೋಬಾರ್ಬಿಟಾಲ್ ಬಂದರೂ ತೂಕಡಿಕೆ ತಪ್ಪಲಿಲ್ಲ. 1938ರಲ್ಲಿ ಅಮೆರಿಕದ ವೈದ್ಯರಾದ ಮೆರಿಟ್ ಮತ್ತು ಪುಟ್ನಮ್ ಫೆನಿಟಾಯಿನ್ ಪರಿಣಾಮವನ್ನು ಪ್ರಕಟಿಸಿದಾಗ, ನಿದ್ದೆಗೆ ಕೆಡವದೆ ಫಿಟ್ಸ್ ತಡೆಯುವ ಮದ್ದು ಸಿಕ್ಕಿತೆಂಬ ಹಿಗ್ಗು. ಒಸಡು ಬೆಳೆಯುವುದು ಮರುವರ್ಷವೇ ವರದಿಯಾಯಿತು. ಫಿಟ್ಸ್ ನಿಂತಿತಲ್ಲ, ಒಸಡೇನು ಮಹಾ ಎಂಬ ಧೋರಣೆ ಮಾತ್ರ ಬಹುಕಾಲ ಉಳಿಯಿತು.

ಫೆನಿಟಾಯಿನ್ ಇನ್ನೊಂದು ರೀತಿಯಲ್ಲೂ ಚಂಡಿ. ಯಕೃತ್ತು ಅದನ್ನು ಒಡೆಯುವುದಕ್ಕೆ ಮಿತಿಯಿದೆ. ದಾದರ್ ನಿಲ್ದಾಣದ ಮೇಲ್ಸೇತುವೆ ನೆನಪಿಸಿಕೊಳ್ಳಿ: ತುಂಬಿದ ಸೇತುವೆಗೆ ಇನ್ನೊಂದು ಲೋಕಲ್‌ನ ಜನ ನುಗ್ಗಿದರೆ ಎಲ್ಲರೂ ನಿಂತಲ್ಲೇ. ಹಾಗೆಯೇ ಡೋಸ್ ಚೂರು ಏರಿಸಿದರೂ ರಕ್ತದಲ್ಲಿ ಮದ್ದು ವಿಪರೀತ ಸೇರಿ, ಕಣ್ಣು ಅದುರಿ, ಕುಡಿದವರಂತೆ ಕಾಲು ತಡವರಿಸುತ್ತದೆ.

ಮುಂದೆ ಬಂದ ಇನ್ನೊಂದು ಮದ್ದು ವಾಲ್‌ಪ್ರೊಯೇಟ್. ಫಿಟ್ಸ್ ತಡೆಯುವ ಅದರ ಗುಣ ಪತ್ತೆಯಾದದ್ದು ಆಕಸ್ಮಿಕ. 1962ರಲ್ಲಿ ಫ್ರಾನ್ಸಿನಲ್ಲಿ ಅದನ್ನು ಬೇರೆ ಮದ್ದುಗಳನ್ನು ಕರಗಿಸುವ ದ್ರವವಾಗಿ ಬಳಸುತ್ತಿದ್ದರು; ಫಿಟ್ಸ್ ತಡೆದದ್ದು ಆ ದ್ರವವೇ ಎಂದು ಆಮೇಲೆ ತಿಳಿಯಿತು. ಗರ್ಭಿಣಿ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಗೆ ಕುತ್ತೆಂದು 1980ರ ದಶಕದ ಆರಂಭದಲ್ಲೇ ಗೊತ್ತಾಯಿತು. ಯುರೋಪ್ ಬಿಗಿ ಕಟ್ಟಳೆ ತಂದದ್ದು 2018ರಲ್ಲಿ. ಈ ವಿಳಂಬ ನನಗೆ ಕ್ಷಮಿಸಲಾಗದ್ದು.

ನಮ್ಮಲ್ಲಿ ಅಡ್ಡಪರಿಣಾಮ ಹೊರಬರದಿರಲು ಬೇರೆ ಕಾರಣವೂ ಉಂಟು. ಪದೇ ಪದೇ ಬರುವ ಅಪಸ್ಮಾರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆಗೆ ಅಡ್ಡಿಯಾಗಿತ್ತು. ಆ ಮಾತನ್ನು ತೆಗೆದದ್ದು 1999ರಲ್ಲಿ. ಕಾಯ್ದೆ ಬದಲಾದರೂ ನಾಲಿಗೆಗಳು ಬದಲಾಗಲಿಲ್ಲ. "ಗೊತ್ತಾದರೆ ಮಗಳ ಸಂಬಂಧ ತಪ್ಪುತ್ತದೆ ಮಾರಾಯರೆ" ಎಂದರು ಗಲ್ಲಾದ ಹಿರಿಯರು. ಒಸಡಿಗೆ ಹೇಸಿ ಒಮ್ಮೆ ತಾವೇ ಮಾತ್ರೆ ಬಿಟ್ಟಿದ್ದರಂತೆ. ಮೂರನೆಯ ದಿನ ಒಂದರ ಹಿಂದೊಂದು ಫಿಟ್ಸ್ ಬಂದು ಆಸ್ಪತ್ರೆ ಸೇರಿದ್ದರು. ಹಠಾತ್ತನೆ ಬಿಟ್ಟರೆ ಆಗುವ ಅಪಾಯ ಅದೇ.

ಈಗ ನರರೋಗ ತಜ್ಞರು ಹಳೆಯ ಮಾತ್ರೆಯನ್ನು ವಾರವಾರ ಇಳಿಸುತ್ತ ಹೊಸದನ್ನು ಏರಿಸುತ್ತಿದ್ದಾರೆ. ಒಸಡು ಸ್ವಲ್ಪ ಇಳಿದಿದೆ, ಉಳಿದದ್ದನ್ನು ಕತ್ತರಿಸಬೇಕಾದೀತು. ಗಲ್ಲಾದ ಖಾನೆಯಲ್ಲಿ ಎರಡೂ ಮಾತ್ರೆಗಳಿವೆ, ವಿಟಮಿನ್ ಡಬ್ಬಿಯೊಳಗೆ.